ಇಟೌಮಾ: ಪೆಟ್ಟು ಕಂಡೀವಿ, ದಮ್ಮು ಇನ್ನೂ ಕಾಣಬೇಕು

ನಮಸ್ಕಾರ ವಿಜಯಪುರದ ಗೆಳೆಯರಿಗೆ. ಡಿಲಿಯನ್ ವೈಟ್‌ನನ್ನ ಮೊದಲ ಸುತ್ತಿನಾಗ ಕೆಡವಿದ ಬ್ರಿಟನ್ನಿನ ಬಾಕ್ಸರ್ ಮೋಸೆಸ್ ಇಟೌಮಾ ಮುಂದಿನ ಟೈಸನ್ನಾ, 2025ರಾಗ ಹೆವಿವೇಟ್ (ಭಾರೀ ತೂಕದವರ) ಪಟ್ಟ ಹಿಡಿದಿದ್ದ ಉಕ್ರೇನಿನ ಉಸಿಕ್‌ನನ್ನ ಗೆಲ್ಲತಾನಾ ಅಂತ ಕೇಳೀರಿ.

ಹುಡುಗನ ಕೈವೇಗ ನನಗೂ ಭಾಳ ಹಿಡಿಸೇತಿ. ಎಡಗೈ ನಿಲುವು, ಆ ಮೈಕಟ್ಟಿಗೆ ಇಷ್ಟು ಚುರುಕು ಹೆವಿವೇಟ್‌ನಾಗ ಅಪರೂಪ. 2025ರ ಆಗಸ್ಟ್‌ನ ಆ ರಿಯಾದ್ ಪಂದ್ಯ ಸೇರಿ 13ಕ್ಕೆ 13 ಗೆಲುವು, ಆಗ ವಯಸ್ಸು 20. ಆದರೆ ವೈಟ್‌ಗೆ ಆಗಲೇ 37, ಅದನ್ನ ಮರೀಬ್ಯಾಡ್ರಿ.

ನಾನು ಜಮಖಂಡಿ ಕಡೆಯವ, ಮಟ್ಟಿ ಕುಸ್ತಿ ನೋಡಿ ಬೆಳೆದವ. ಎರಡು ನಿಮಿಷದಾಗ ಚಿತ್ ಮಾಡೋ ಪೈಲ್ವಾನನ ದಮ್ಮು ಎಷ್ಟಂತ ಯಾರಿಗೂ ತಿಳಿಯೂದಿಲ್ಲ. ಅರ್ಧ ತಾಸು ಎಳೆದಾಡಿಸೋ ಜೋಡಿ ಸಿಗಬೇಕು. ಇಟೌಮಾ ಆವರೆಗೂ ಆರು ಸುತ್ತು ದಾಟಿರಲೇ ಇಲ್ಲ. ಪಟ್ಟದ ಪಂದ್ಯ 12 ಸುತ್ತು.

ಟೈಸನ್ ಹೋಲಿಕೆ ಇಲ್ಲೇ ತಪ್ಪತೇತಿ. 1986ರ ನವೆಂಬರ್‌ನಾಗ ಬರ್ಬಿಕ್‌ನನ್ನ ಸೋಲಿಸಿ ಪಟ್ಟ ಏರಿದಾಗ ಟೈಸನ್‌ಗೂ 20 ವರ್ಷನ. ಖರೆ, ಅದಕ್ಕ ಮೊದಲ 27 ಪಂದ್ಯ ಗೆದ್ದಿದ್ದ. ಅದೇ ವರ್ಷ ಟಿಲ್ಲಿಸ್, ಗ್ರೀನ್ ಇಬ್ಬರೂ ಅವನನ್ನ ಪೂರ್ತಿ 10 ಸುತ್ತು ನಿಲ್ಲಿಸಿಕೊಂಡಿದ್ದರು. ಆ ಪಾಠ ಇವನಿಗೆ ಆಗಿರಲಿಲ್ಲ.

ಉಸಿಕ್ ಅಂದರ ಸುತ್ತು ಸುತ್ತಿಗೂ ಎದುರಾಳಿಯನ್ನ ಓದಿಕೊಳ್ಳೋ ಮನುಷ್ಯ. ಡುಬುವಾನಂಥ ಭಾರೀ ಪೆಟ್ಟಿನವನನ್ನ 2023ರಾಗ ಒಂಬತ್ತನೇ ಸುತ್ತಿಗೆ, 2025ರಾಗ ಐದನೇ ಸುತ್ತಿಗೆ ಮುಗಿಸಿದ. ಅಂಥವನ ಮುಂದ ನಿಲ್ಲೂಕಿಂತ ಮೊದಲ ಇಟೌಮಾ ಎಂಟು–ಹತ್ತು ಸುತ್ತಿನ ಕಠಿಣ ಪಂದ್ಯ ಎರಡರೇ ಆಡಲಿ ಅಂತ ನನ್ನ ಆಸೆ. ಅವಸರ ಮಾಡದಿದ್ದರ ಪಟ್ಟ ಅವನದೇ ಅಂತ ನಾನು ನಂಬೀನಿ.