ಪ್ರಾಜೆಕ್ಟ್ ಮ್ಯಾನೇಜರನ್ನು ದುಡ್ಡು ಬಂದ ಮೇಲೆ ಕರೆದರೆ ಸಾಲದೇ?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ಮಳೆಯನ್ನೇ ನಂಬಿದ ಶೇಂಗಾ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ಮೂರು ವರ್ಷದ ಯೋಜನೆಗೆ ಕೇಂದ್ರ ಸರ್ಕಾರದ ಅನುದಾನ ಕೇಳಬೇಕೆಂದಿದ್ದೇನೆ. ಅರ್ಜಿಗೆ ಇನ್ನು ಐದು ವಾರ ಇದೆ. ನಮ್ಮ ರಿಸರ್ಚ್ ಸೆಲ್‌ನಲ್ಲಿ ಹಲವು ಯೋಜನೆಗಳ ಖರೀದಿ, ಲೆಕ್ಕ ನೋಡಿಕೊಂಡ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರಿದ್ದಾರೆ. "ದುಡ್ಡು ಬರಲಿ, ಆಮೇಲೆ ಅವರನ್ನ ಕರೆಯೋಣ" ಅನ್ನುತ್ತಾರೆ ನಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥರು). ಈಗಲೇ ಕರೆದರೆ ನನ್ನ ವಿಷಯದಲ್ಲಿ ಕೈ ಹಾಕುತ್ತಾರೇನೋ ಅನ್ನುವ ಅಳುಕು ನನಗೂ ಇದೆ. ಏನು ಮಾಡಲಿ?

ಉತ್ತರ: ಈ ವಾರವೇ ಕರೆಯಿರಿ. ಬಂದವರು ಮೊದಲು ಏನು ಕೇಳುತ್ತಾರೆ ಗೊತ್ತಾ? "ಮೇಡಂ, ನಿಮಗೆ ಎಷ್ಟು ಮುಂಗಾರು ಬೇಕು?"

ಮೂರು ವರ್ಷದ ಯೋಜನೆ ಅಂದರೆ ಮೂರು ಮುಂಗಾರು ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಮಂಜೂರಾತಿ ಆದೇಶ ಆಗಸ್ಟ್‌ನಲ್ಲಿ ಬಂತು ಅಂದುಕೊಳ್ಳಿ. ಅಷ್ಟರಲ್ಲಿ ಶೇಂಗಾ ಬಿತ್ತನೆ ಮುಗಿದಿರುತ್ತದೆ. ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ, ಜೆಆರ್‌ಎಫ್, ಅಂದರೆ ಯೋಜನೆಯ ಕಿರಿಯ ಸಂಶೋಧಕ, ಕೆಲಸಕ್ಕೆ ಸೇರುವಷ್ಟರಲ್ಲಿ ದೀಪಾವಳಿ. ಸೆನ್ಸರ್ ಖರೀದಿಯ ಟೆಂಡರ್‌ಗೆ ಒಬ್ಬರೇ ಬಂದರು, ಮತ್ತೆ ಕರೆಯಬೇಕಾಯಿತು ಅಂದರೆ ಮುಂದಿನ ಜೂನ್ ಕೂಡ ಕೈತಪ್ಪಬಹುದು. ಆಗ ಉಳಿಯುವುದು ಒಂದೇ ಮುಂಗಾರು. ಒಂದೇ ಹಂಗಾಮಿನ ಅಂಕಿ ಇಟ್ಟುಕೊಂಡು ಮಳೆಯಾಶ್ರಿತ ಹೊಲದ ಬಗ್ಗೆ ಏನು ಹೇಳಲು ಸಾಧ್ಯ?

ಇದನ್ನು ಈಗಲೇ ಕಂಡರೆ ದಾರಿಗಳಿವೆ. ಮೊದಲ ಚಳಿಗಾಲದಲ್ಲಿ ಹಿಂಗಾರಿ ಜೋಳ ಅಥವಾ ಕಡಲೆ ಹೊಲದಲ್ಲಿ ಸೆನ್ಸರ್‌ಗಳನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತೇವೆ ಅಂತ ಬರೆಯಬಹುದು. ಅಥವಾ ಎರಡೇ ಮುಂಗಾರಿಗೆ ಸಾಲುವಂತೆ ಹೊಲಗಳ ಸಂಖ್ಯೆ ಜಾಸ್ತಿ ಮಾಡಬಹುದು. ಯಾವುದು ಸರಿ ಅನ್ನುವುದು ವಿಜ್ಞಾನದ ತೀರ್ಮಾನ. ಅದು ನಿಮ್ಮದೇ. ಅವರು ಕ್ಯಾಲೆಂಡರ್ ಮುಂದೆ ಇಡುತ್ತಾರೆ, ಅಷ್ಟೇ. ನಿಮ್ಮ ಅಳುಕಿಗೆ ನನ್ನ ಉತ್ತರ ಇದೇ. ಬೇಕಿದ್ದರೆ ಮೊದಲ ದಿನವೇ ಮಾತಾಡಿಕೊಳ್ಳಿ: ಪ್ರಶ್ನೆ, ವಿಧಾನ ನಿಮ್ಮದು, ಸಮಯ, ಖರೀದಿ, ಅನುಮತಿ ಅವರದು, ಬಜೆಟ್ ಇಬ್ಬರದು.

ಬಜೆಟ್ ಇಬ್ಬರದು ಅಂದೆ. ಯಾಕೆಂದರೆ ಹಳೆಯ ಅರ್ಜಿಯನ್ನು ನೋಡಿ ಅಂಕಿ ತುಂಬುವುದು ನಮ್ಮಲ್ಲಿ ರೂಢಿ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧಕರಿಗೆ) 42,000. ಅದಕ್ಕೆ ಮುಂಚೆ 31,000 ಮತ್ತು 35,000 ಇತ್ತು. ಹಳೆಯ ದರ ಬರೆದರೆ, ಎರಡು ವರ್ಷ ಜೆಆರ್‌ಎಫ್, ಮೂರನೇ ವರ್ಷ ಎಸ್‌ಆರ್‌ಎಫ್ ಅಂತ ಹಿಡಿದರೂ, ಮೂರು ವರ್ಷಕ್ಕೆ ಒಬ್ಬರ ಮೇಲೇ 2.28 ಲಕ್ಷ ಕಡಿಮೆ ಬೀಳುತ್ತದೆ, ಮನೆ ಬಾಡಿಗೆ ಭತ್ಯೆ ಬೇರೆ. ಉಪಕರಣದ್ದೂ ಇದೇ ಕತೆ. ಅರ್ಹ ಸಂಶೋಧನಾ ಸಂಸ್ಥೆಗಳಿಗೆ ವೈಜ್ಞಾನಿಕ ಉಪಕರಣಗಳ ಮೇಲಿದ್ದ 5% ಜಿಎಸ್‌ಟಿ ರಿಯಾಯಿತಿ 2022ರ ಜುಲೈ 18ಕ್ಕೆ ನಿಂತಿತು. ಈಗ ಸಾಮಾನ್ಯವಾಗಿ 18% ಕಟ್ಟಬೇಕು. 12 ಲಕ್ಷದ ಉಪಕರಣಕ್ಕೆ 1.56 ಲಕ್ಷದ ವ್ಯತ್ಯಾಸ. ಬೇರೆ ಹೆಡ್‌ನಿಂದ, ಅಂದರೆ ಬಜೆಟ್‌ನ ಬೇರೆ ಖರ್ಚಿನ ಬಾಬ್ತಿನಿಂದ, ತಂದು ತುಂಬಿಸೋಣ ಅಂದರೆ, ಉಪಕರಣದ ದುಡ್ಡು ಸಂಬಳಕ್ಕೆ, ಸಂಬಳದ್ದು ಉಪಕರಣಕ್ಕೆ ನಮ್ಮಿಷ್ಟದಂತೆ ಹೋಗುವುದಿಲ್ಲ. ಅನುದಾನ ಕೊಟ್ಟವರ ಒಪ್ಪಿಗೆ ಬೇಕು.

ಹಿಂದೆ ನಾನು ಕೆಲಸ ಮಾಡಿದ ಸಂಸ್ಥೆಯೊಂದರಲ್ಲಿ ಒಂದು ಯೋಜನೆಯ ಫೈಲ್ ನನ್ನ ಕೈಗೆ ಬಂದದ್ದು ಮಂಜೂರಾದ ಮೇಲೆ. ಯಂತ್ರಕ್ಕೆ ತ್ರೀ-ಫೇಸ್ ಕರೆಂಟ್ ಬೇಕಿತ್ತು, ಆ ಕೋಣೆಯಲ್ಲಿ ಇರಲಿಲ್ಲ. ವೈರಿಂಗ್‌ಗೆ ಯಾವ ಹೆಡ್‌ನಲ್ಲೂ ದುಡ್ಡಿಲ್ಲ. ಏಳು ತಿಂಗಳು ಯಂತ್ರ ಪೆಟ್ಟಿಗೆಯಲ್ಲೇ ಕೂತಿತ್ತು. ಅದನ್ನೇ ನಂಬಿ ಪಿಎಚ್‌ಡಿಗೆ ಸೇರಿದ್ದ ಹುಡುಗನ ಫೆಲೋಶಿಪ್ ಅವಧಿ ಮಾತ್ರ ಕರಗುತ್ತಲೇ ಇತ್ತು. ಅರ್ಜಿ ಬರೆಯುವಾಗ ಯಾರಾದರೂ ಆ ಕೋಣೆಗೆ ಒಮ್ಮೆ ಹೋಗಿ ನೋಡಿದ್ದರೆ ಸಾಕಿತ್ತು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಇದು ನನ್ನೊಬ್ಬನ ಹಟವಲ್ಲ. ಐರೋಪ್ಯ ಒಕ್ಕೂಟದ ಸಂಶೋಧನಾ ಅನುದಾನ ಕಾರ್ಯಕ್ರಮವಾದ ಹೊರೈಜನ್ ಯುರೋಪ್‌ನ ಹೆಚ್ಚಿನ ಯೋಜನೆಗಳಲ್ಲಿ ಅರ್ಜಿಗೆ ಅಂಕ ಕೊಡುವುದು ಮೂರು ವಿಷಯಕ್ಕೆ. ಅದರಲ್ಲಿ ಒಂದು, ಕೆಲಸವನ್ನು ಹೇಗೆ ನಡೆಸುತ್ತೀರಿ ಅನ್ನುವುದು. ನಮ್ಮಲ್ಲೂ ಸಂಶೋಧನೆಗೆ ಅನುದಾನ ಕೊಡುವ ಇಂಡಿಯಾ ಅಲಯನ್ಸ್ ಸಂಸ್ಥೆ 2018ರಲ್ಲಿ ಸಂಶೋಧನಾ ನಿರ್ವಹಣೆಗೆಂದೇ ಒಂದು ಕಾರ್ಯಕ್ರಮ ಶುರುಮಾಡಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ವಿಜ್ಞಾನಿಗಳ ಅನುದಾನ ಅರ್ಜಿಗಳಿಗೆ ನೆರವಾಗಲು ಪ್ರತ್ಯೇಕ ಕಚೇರಿಯೇ ಇದೆ. ಜಿಲ್ಲೆಯ ಕಾಲೇಜುಗಳಿಗೆ ಆ ಭಾಗ್ಯ ಕಡಿಮೆ. ನಿಮಗೆ ಒಬ್ಬರು ಸಿಕ್ಕಿದ್ದಾರೆ, ಬಿಡಬೇಡಿ.

ಎಚ್‌ಒಡಿಯವರಿಗೆ ವಾದ ಬೇಡ, ಮೇಲಿನ ಮುಂಗಾರಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಮ್ಯಾನೇಜರ್‌ಗೆ ನಿಮ್ಮ ಯೋಜನೆಯನ್ನು ಎರಡು ಪುಟದಲ್ಲಿ ಬರೆದುಕೊಡಿ. ಬಜೆಟ್ ಜಾಗ ಖಾಲಿ ಇರಲಿ. ಆಮೇಲೆ ಇಬ್ಬರೂ ಒಂದು ದಿನ ಆ ಹೊಲಗಳಿಗೇ ಹೋಗಿ ಬನ್ನಿ. ಸೆನ್ಸರ್ ನೆಡಲು ರೈತರು ಒಪ್ಪುತ್ತಾರಾ, ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದಾ, ಎಡೆ ಹೊಡೆಯುವಾಗ ವೈರ್ ಕಿತ್ತುಹೋಗದಂತೆ ಎಲ್ಲಿ ಹೂಳಬೇಕು, ಇವಕ್ಕೆಲ್ಲ ಉತ್ತರ ಅಲ್ಲೇ ಸಿಗುತ್ತದೆ.