ಕೋರ್ಸನ್ನು ಕೊನೆಯಿಂದ ತೆರೆಯಿರಿ

ಪ್ರಶ್ನೆ: ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹೊಸಬರಿಗೆ ಹೊಲಿಗೆ ಕಲಿಸುತ್ತೇನೆ. ಇನ್ನೂ ಚೆನ್ನಾಗಿ ಕಲಿಸೋಣ ಅಂತ ಇನ್‌ಸ್ಟ್ರಕ್ಷನಲ್ ಡಿಸೈನ್, ಅಂದರೆ ಪಾಠ ರೂಪಿಸುವ ವಿದ್ಯೆ, ಬಗ್ಗೆ 8 ವಾರದ ಆನ್‌ಲೈನ್ ಕೋರ್ಸಿಗೆ ಸೇರಿದೆ. ಒಳಗೆ ಹೋದರೆ ವಿಡಿಯೊ, ಪಿಡಿಎಫ್, ಕ್ವಿಜ್, ಆ್ಯಡಿ, ಬ್ಲೂಮ್... ತಲೆ ಗಿರ್ ಅನ್ನುತ್ತಿದೆ. ಈಗಾಗಲೇ 2 ವಾರ ಹಿಂದೆ ಬಿದ್ದಿದ್ದೇನೆ. ಬಿಟ್ಟುಬಿಡಲಾ ಸರ್?
– ಓದುಗರು, ಬಳ್ಳಾರಿ

ಉತ್ತರ: ಕೋರ್ಸ್ ಬಿಡಬೇಡಿ. ಮೊದಲ ವಿಡಿಯೊದಿಂದ ಸಾಲಾಗಿ ನೋಡುತ್ತಾ ಬರುವುದನ್ನು ಮಾತ್ರ ಇವತ್ತೇ ಬಿಡಿ.

ಹೊಸಬರು ಬಂದ ದಿನ ನೀವು ಮಷೀನಿನ ಇತಿಹಾಸ ಹೇಳುತ್ತಾ ಕೂರುವುದಿಲ್ಲ. ಮುಗಿದ ಪ್ಯಾಂಟ್ ಮುಂದಿಟ್ಟು 'ಹೀಗೆ ಬರಬೇಕು' ಅನ್ನುತ್ತೀರಿ, ಅಲ್ವಾ? ಕೋರ್ಸಿನಲ್ಲಿ ಆ ಪ್ಯಾಂಟ್ ಅಂದರೆ ಕೊನೆಯ ಅಸೈನ್‌ಮೆಂಟ್. ಇಂಥ ಕೋರ್ಸುಗಳಲ್ಲಿ ಅದು ಸಾಮಾನ್ಯವಾಗಿ ನಿಮ್ಮದೇ ಒಂದು ಪಾಠದ ಯೋಜನೆ. ಅದನ್ನು ಮೊದಲು ತೆರೆಯಿರಿ. ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವ ಪಟ್ಟಿಗೆ ರೂಬ್ರಿಕ್ ಅನ್ನುತ್ತಾರೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ, ಪಕ್ಕದಲ್ಲಿ ಕೊನೆಯ ದಿನಾಂಕ ಬರೆಯಿರಿ.

ಆಮೇಲೆ ನಿಮ್ಮ ಕೆಲಸದಿಂದ ಒಂದೇ ಒಂದು ಪಾಠ ಆರಿಸಿಕೊಳ್ಳಿ. ಪ್ಯಾಂಟಿಗೆ ಜಿಪ್ ಕೂರಿಸುವುದು ಅಂತಿಟ್ಟುಕೊಳ್ಳೋಣ. ಎಲ್ಲ ವಾರವನ್ನೂ ಈ ಜಿಪ್ ಮೇಲೇ ಪ್ರಯೋಗ ಮಾಡಿ.

ಆ್ಯಡಿ 1975ರಲ್ಲಿ ಅಮೆರಿಕದ ಸೇನೆಯ ತರಬೇತಿಗೆಂದು ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ರೂಪುಗೊಂಡ ಕ್ರಮ. ಏನು ಬೇಕೆಂದು ಹುಡುಕು, ಯೋಜಿಸು, ಸಾಮಗ್ರಿ ತಯಾರಿಸು, ಕಲಿಸು, ಫಲ ನೋಡು: ಇಷ್ಟೇ. ಜನ ಅವಸರ ಮಾಡುವುದು ಮೊದಲನೆಯದರಲ್ಲೇ. ಜಿಪ್ ಹೊಲಿಗೆ ಪದೇ ಪದೇ ಕೆಡುತ್ತಿದೆಯಾ? ಯಾಕೆ? ಕೈಗೆ ಅಭ್ಯಾಸವಿಲ್ಲವಾ, ಗುರುತು ಹಾಕುವುದು ತಪ್ಪುತ್ತಿದೆಯಾ, ಸೂಜಿ ಸವೆದಿದೆಯಾ? ಸೂಜಿ ಸವೆದಿದ್ದರೆ ಎಷ್ಟು ಚಂದದ ಪಾಠ ಮಾಡಿದರೂ ದಂಡ, ಸೂಜಿ ಬದಲಿಸಬೇಕು. ಕಲಿಸಿದರೆ ಸರಿಹೋಗುವ ತೊಂದರೆ ಯಾವುದು ಅಂತ ಗುರುತಿಸುವುದು ಈ ವಿದ್ಯೆಯ ಅರ್ಧ ಪಾಲು. ಅದಕ್ಕೆ ಮಷೀನ್ ಪಕ್ಕ ಅರ್ಧ ದಿನ ಸುಮ್ನೆ ಕೂತು ನೋಡಿ.

ಕಲಿಕೆಯನ್ನು ಸುಲಭದಿಂದ ಕಷ್ಟಕ್ಕೆ ವಿಂಗಡಿಸುವ, ಶಿಕ್ಷಣ ಮನೋವಿಜ್ಞಾನಿ ಬ್ಲೂಮ್ ಅವರ 6 ಹಂತ 1956ರದ್ದು, 2001ರಲ್ಲಿ ತಿದ್ದುಪಡಿಯಾಯಿತು. ಬಾಯಿಪಾಠ ಬೇಡ. ಪಾಠದ ಗುರಿ ಬರೆಯುವಾಗ ಸರಿಯಾದ ಕ್ರಿಯಾಪದ ಹುಡುಕಲು ಬಳಸಿ. 'ಜಿಪ್ ಬಗ್ಗೆ ತಿಳಿದುಕೊಳ್ಳುತ್ತಾರೆ' ಅಂದರೆ ತಿಳಿದದ್ದು ಕಣ್ಣಿಗೆ ಕಾಣುವುದಿಲ್ಲ. '10 ಪ್ಯಾಂಟಿನಲ್ಲಿ 9ಕ್ಕೆ, ಬಿಚ್ಚಿ ಮತ್ತೆ ಹೊಲಿಯದೆ, ಒಬ್ಬರೇ ಜಿಪ್ ಕೂರಿಸುತ್ತಾರೆ' ಅಂತ ಬರೆದರೆ ಎಣಿಸಿ ನೋಡಬಹುದು. ಪರೀಕ್ಷೆಯೂ ಅದರೊಳಗೇ ಬಂತು.

ಪಾಠ ನಡೆಸಲು ಮನೋವಿಜ್ಞಾನಿ ಗಾನ್ಯೆ ಹೇಳಿದ 9 ಹೆಜ್ಜೆ ಬಂದಾಗ ಗಾಬರಿ ಬೇಡ. ಗಮನ ಸೆಳೆಯುವುದು, ಹಿಂದಿನದು ನೆನಪಿಸುವುದು, ಮಾಡಿಸಿ ತಿದ್ದುವುದು – ಜಾಸ್ತಿ ಪಾಲು ನೀವು ಈಗಲೇ ಮಾಡುತ್ತಿದ್ದೀರಿ.

ನನ್ನ ಕಥೆ ಕೇಳಿ: ಮೊದಲ ಸಲ ಇಂಥ ಕೋರ್ಸಿಗೆ ಸೇರಿ 2 ನೋಟ್‌ಬುಕ್ ತುಂಬ ನೋಟ್ಸ್ ಬರೆದೆ. ಪಾಠ ಒಂದೂ ಬರೆಯಲಿಲ್ಲ!

ಹಿಂದೆ ಬಿದ್ದ 2 ವಾರದ ಮಾತು. ಪ್ರಮಾಣಪತ್ರ ಬೇಕಾ ಅಂತ ಮೊದಲು ತೀರ್ಮಾನಿಸಿ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ತಾಣದಲ್ಲಾದರೆ ಕಲಿಯುವುದು ಉಚಿತ, ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ಬೇಕಿದ್ದರೆ ಅಂಕವಿರುವ ಅಸೈನ್‌ಮೆಂಟ್‌ಗಳಲ್ಲಿ ದಿನಾಂಕ ಮುಗಿಯದವನ್ನು ಮೊದಲು ಮಾಡಿ. ಬೇಡವಾದರೆ ಕ್ವಿಜ್ ಪಕ್ಕಕ್ಕಿಟ್ಟು, ರೂಬ್ರಿಕ್ ಕೇಳಿದ್ದಕ್ಕೆ ಸಂಬಂಧಪಟ್ಟ ವಿಡಿಯೊ ಮಾತ್ರ ನೋಡಿ. ಜಿಪ್ ಪಾಠದ ಮೊದಲ ಕರಡನ್ನು ನಿಮ್ಮ ಘಟಕದಲ್ಲಿ ಹೊಸದಾಗಿ ಸೇರಿದ ಒಬ್ಬರ ಮೇಲೆ ಪರೀಕ್ಷಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.