ಮ್ಯಾಡನ್ ಆನ್‌ಲೈನ್‌ನಲ್ಲಿ ಎದುರಾಳಿ ಪ್ರತಿ ಸಲ ಟಚ್‌ಡೌನ್ ಹೊಡೆಯುತ್ತಾನೆ, ಡಿಫೆನ್ಸ್ ಹೇಗೆ ಆಡುವುದು?

ಅಮೆರಿಕನ್ ಫುಟ್‌ಬಾಲ್‌ನ ವಿಡಿಯೋ ಗೇಮ್ ಮ್ಯಾಡನ್‌ನಲ್ಲಿ ಕಂಪ್ಯೂಟರ್ ಎದುರು ಆಡಿದರೆ ಗೆಲ್ಲುತ್ತೇನೆ, ಆನ್‌ಲೈನ್‌ಗೆ ಹೋದರೆ ಮ್ಯಾಚ್‌ಗೆ 40 ಪಾಯಿಂಟ್ ಬಿಟ್ಟುಕೊಡುತ್ತೇನೆ, ಎಷ್ಟು ಬ್ಲಿಟ್ಜ್ ಮಾಡಿದರೂ ಆಗುತ್ತಿಲ್ಲ ಅಂತ ಕೇಳಿದ್ದೀರಿ. ಈ ಕಷ್ಟ ನನಗೆ ಚೆನ್ನಾಗಿ ಗೊತ್ತು. ಓದಲು ಡಲ್ಲಾಸ್‌ಗೆ ಬಂದಾಗ ರೂಮ್‌ಮೇಟ್ ಈ ಆಟ ಕಲಿಸಿದ. ಮೊದಲ ಕೆಲವು ತಿಂಗಳು ನಾನೂ ಬರೀ ಸೋಲುತ್ತಿದ್ದೆ.

ಮೊದಲು ಬ್ಲಿಟ್ಜ್ ಕಡಿಮೆ ಮಾಡಿ. ಬ್ಲಿಟ್ಜ್ ಅಂತ ಆರು ಜನರನ್ನು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿದರೆ ಹಿಂದೆ ಉಳಿಯುವುದು ಐದೇ ಜನ. ಕಂಪ್ಯೂಟರ್ ಇದಕ್ಕೆ ಗಾಬರಿಯಾಗಬಹುದು. ಆನ್‌ಲೈನ್‌ನಲ್ಲಿ ಆಡುವವನು ಬ್ಲಿಟ್ಜ್ ಬರಲಿ ಅಂತಲೇ ಕಾಯುತ್ತಿರುತ್ತಾನೆ. ಒಂದು ಚಿಕ್ಕ ಪಾಸ್ ಎಸೆದರೆ ಸಾಕು, ಮುಂದೆ ಖಾಲಿ ಮೈದಾನ.

ಎರಡನೆಯದೇ ಎಲ್ಲಕ್ಕಿಂತ ಮುಖ್ಯ. ನೀವು ಯಾವ ಆಟಗಾರನನ್ನು ಕೈಯಲ್ಲಿ ಇಟ್ಟುಕೊಳ್ಳುತ್ತೀರಿ? ಹೊಸಬರು ಸಾಮಾನ್ಯವಾಗಿ ಲೈನ್‌ನಲ್ಲಿ, ಅಂದರೆ ಮುಂದಿನ ಸಾಲಿನಲ್ಲಿ, ಇರುವ ಒಬ್ಬನನ್ನು ಹಿಡಿದು ಕ್ವಾರ್ಟರ್‌ಬ್ಯಾಕ್ ಹಿಂದೆ ಓಡುತ್ತಾರೆ. ಆ ಕೆಲಸವನ್ನು ಕಂಪ್ಯೂಟರ್‌ಗೇ ಬಿಡಿ. ನೀವು ಆ ಸಾಲಿನ ಹಿಂದೆ ನಡುವೆ ನಿಲ್ಲುವ ಮಿಡಲ್ ಲೈನ್‌ಬ್ಯಾಕರ್ ತೆಗೆದುಕೊಳ್ಳಿ. ಕಂಪ್ಯೂಟರ್ ಆಡಿಸುವ ಹತ್ತು ಜನ ತಮಗೆ ಕೊಟ್ಟ ಜಾಗ ಕಾಯುತ್ತಾರೆ, ಅಷ್ಟೇ. ಎದುರಾಳಿಯ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಬಲ್ಲವರು ನೀವೊಬ್ಬರೇ. ಹಾಗಾಗಿ ಮೈದಾನದ ನಡುವೆ ನೀವೇ ಇರಬೇಕು.

ಒಂದು ಮ್ಯಾಚ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದುರಾಳಿ ಪ್ರತಿ ಥರ್ಡ್ ಡೌನ್‌ನಲ್ಲೂ (10 ಗಜ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) ಟೈಟ್ ಎಂಡ್‌ನನ್ನು (ಲೈನ್‌ನ ಅಂಚಿನಲ್ಲಿ ನಿಂತು ಪಾಸ್ ಕೂಡ ಹಿಡಿಯುವವನು) ಎಡದಿಂದ ಬಲಕ್ಕೆ ನಡುವೆ ಅಡ್ಡ ಓಡಿಸಿ ಅವನಿಗೇ ಪಾಸ್ ಕೊಡುತ್ತಿದ್ದ. ಮೂರು ಸಲ ಸುಮ್ನೆ ಬಿಟ್ಟೆ. ನಾಲ್ಕನೇ ಸಲ ನನ್ನ ಲೈನ್‌ಬ್ಯಾಕರ್‌ನನ್ನು ಸೆಂಟರ್‌ನ ಪಕ್ಕದ ಗ್ಯಾಪ್‌ಗೆ ತಂದು, ಇನ್ನೇನು ನುಗ್ಗುತ್ತೇನೆ ಅನ್ನುವ ಹಾಗೆ ನಿಲ್ಲಿಸಿದೆ. ಸ್ನ್ಯಾಪ್ ಆಗಿ ಪ್ಲೇ ಶುರುವಾದ ತಕ್ಷಣ ಆರೇಳು ಗಜ ಹಿಂದಕ್ಕೆ ಸರಿದು, ಬಲಕ್ಕೆ ಎರಡು ಹೆಜ್ಜೆ ಇಟ್ಟೆ. ಅವನು ನೋಡದೆ ಎಸೆದ. ಪ್ಲೇಸ್ಟೇಷನ್‌ನ ತ್ರಿಕೋನ ಬಟನ್ ಒತ್ತಿದೆ, ಬಾಲ್ ನೇರ ಕೈಗೆ ಬಂತು. ಆಮೇಲೆ ಅವನು ಮ್ಯಾಚ್ ಮುಗಿಯುವವರೆಗೂ ನಡುವೆ ಎಸೆಯಲು ಹೆದರಿದ.

ನಿಮ್ಮ ಎದುರಾಳಿಗೂ ತುಂಬಾ ಇಷ್ಟವಾದ ಒಂದು ಪಾಸ್ ಇರುತ್ತದೆ. ಅದನ್ನು ಕಿತ್ತುಕೊಳ್ಳಿ. ಬ್ಯಾಟ್ಸ್‌ಮನ್ ಪದೇ ಪದೇ ಸ್ವೀಪ್ ಮಾಡುತ್ತಿದ್ದರೆ ನಾಯಕ ಅಲ್ಲಿಗೇ ಫೀಲ್ಡರ್ ಹಾಕುತ್ತಾನೆ ಅಲ್ವಾ, ಹಾಗೆ. ಮೊದಲ ಎರಡು ಡ್ರೈವ್‌ಗಳಲ್ಲಿ (ಬಾಲ್ ಅವನ ಕಡೆ ಇರುವ ಸರದಿಗಳಲ್ಲಿ) ಅವನು ಯಾವ ಡೌನ್‌ನಲ್ಲಿ ಎಲ್ಲಿಗೆ ಎಸೆದ ಅಂತ ನೆನಪಿಟ್ಟುಕೊಳ್ಳಿ. ಕಷ್ಟ ಬಂದಾಗ ಜನ ರೂಢಿಯಾದ ಪ್ಲೇಗೇ ಮರಳುತ್ತಾರೆ.

ಕವರೇಜ್, ಅಂದರೆ ಪಾಸ್ ತಡೆಯಲು ಯಾರು ಎಲ್ಲಿ ಕಾಯಬೇಕು ಅನ್ನುವ ವಿಷಯಕ್ಕೆ ಬಂದರೆ, ಇಡೀ ಪ್ಲೇಬುಕ್ ಬೇಡ. ಹಿಂದೆ ಪಾಸ್ ಕಾಯುವವರು ಐವರಿರುವ ನಿಕಲ್ ಫಾರ್ಮೇಷನ್‌ನಿಂದ ಕವರ್ 2, ಕವರ್ 3, ಕವರ್ 4 ಈ ಮೂರು ಸಾಕು. ಆದರೆ ಪ್ರತಿಯೊಂದರಲ್ಲೂ ಎಲ್ಲಿ ತೂತು ಇದೆ ಅಂತ ಗೊತ್ತಿರಬೇಕು. ಕವರ್ 3ರಲ್ಲಿ ದೂರ ಕಾಯುವವರು ಮೂವರು, ಪಾಸ್ ಹಿಡಿಯುವ ನಾಲ್ಕು ರಿಸೀವರ್‌ಗಳು ನೇರ ಓಡಿದರೆ ಒಬ್ಬ ಉಳಿದೇ ಉಳಿಯುತ್ತಾನೆ. ಕವರ್ 4ರಲ್ಲಿ ದೂರ ಭದ್ರ, ಆದರೆ ಎರಡೂ ಅಂಚಿನಲ್ಲಿ ಚಿಕ್ಕ ಪಾಸ್ ಸಿಗುತ್ತದೆ. ಕವರ್ 2ರಲ್ಲಿ ಎಲ್ಲರಿಗಿಂತ ಹಿಂದೆ ಕಾಯುವ ಇಬ್ಬರು ಸೇಫ್ಟಿಗಳ ಮಧ್ಯೆ ದೊಡ್ಡ ಜಾಗ ಖಾಲಿ. ಆ ತೂತಿಗೆ ನಿಮ್ಮ ಲೈನ್‌ಬ್ಯಾಕರ್‌ನನ್ನು ಇಳಿಸಿದರೆ ಅದೇ ಟ್ಯಾಂಪಾ 2 ಆಗುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಪ್ಲೇ ಆರಿಸುವಾಗ ಎದುರಾಳಿ ಎಷ್ಟು ರಿಸೀವರ್, ಎಷ್ಟು ಟೈಟ್ ಎಂಡ್ ಇಳಿಸಿದ್ದಾನೆ ಅಂತ ಪರದೆಯ ಮೇಲೆ ಬರುತ್ತದೆ. ಅದನ್ನು ನೋಡದೆ ಬಟನ್ ಒತ್ತಬೇಡಿ. ಇಬ್ಬರು ಟೈಟ್ ಎಂಡ್ ಬಂದರೆ ರನ್ (ಬಾಲ್ ಹಿಡಿದು ಓಡುವ ಪ್ಲೇ) ಇರಬಹುದು, ಲೈನ್‌ಬ್ಯಾಕರ್‌ಗಳು ಜಾಸ್ತಿ ಇರುವ ಫಾರ್ಮೇಷನ್ ತೆಗೆದುಕೊಳ್ಳಿ. ಕ್ವಾರ್ಟರ್‌ಬ್ಯಾಕ್ ತಾನೇ ಓಡುವ ಗಿರಾಕಿ ಆದರೆ ಅಂಚಿನ ಇಬ್ಬರಿಗೆ ಕಂಟೈನ್ (ಅವನು ಹೊರಗೆ ಓಡದಂತೆ ತಡೆಯುವ ಕೆಲಸ) ಕೊಡಿ.

ಇನ್ನೊಂದು ಮಾತು, ಚಿಕ್ಕ ಪಾಸ್‌ಗೆ ಬೇಜಾರು ಮಾಡಿಕೊಳ್ಳಬೇಡಿ. ಐದೈದು ಗಜ ಕೊಡಿ, ತಕ್ಷಣ ಕೆಡವಿ. 80 ಗಜ ಹೀಗೆ ಹೋಗಬೇಕಾದರೆ ಅವನಿಗೆ ತಾಳ್ಮೆ ಬೇಕು. ಹೆಚ್ಚಿನವರು ಮಧ್ಯದಲ್ಲೇ ಆತುರಪಟ್ಟು ಒಂದು ಕೆಟ್ಟ ಪಾಸ್ ಎಸೆಯುತ್ತಾರೆ. ಅವನು ಕೊನೆಯ 20 ಗಜದೊಳಗೆ ಬಂದಮೇಲೆ ಅನುಕೂಲ ನಿಮ್ಮ ಕಡೆ. ಟಚ್‌ಡೌನ್ ಆಗುವ ಎಂಡ್ ಝೋನ್ 10 ಗಜ ಆಳ ಮಾತ್ರ, ದೂರ ಎಸೆಯಲು ಜಾಗವೇ ಇರುವುದಿಲ್ಲ. ಅಲ್ಲಿ ಚಿಕ್ಕ ಪಾಸ್ ಬಿಗಿ ಮಾಡಿ, ಕಾಲಿನಿಂದ ಒದೆಯುವ ಫೀಲ್ಡ್ ಗೋಲ್‌ಗೆ ನಿಲ್ಲಿಸಿ. ಏಳರ ಬದಲು ಮೂರೇ ಪಾಯಿಂಟ್. ಆನ್‌ಲೈನ್‌ನಲ್ಲಿ ಕ್ವಾರ್ಟರ್‌ಗಳು ನಿಜವಾದ ಆಟದ 15 ನಿಮಿಷಕ್ಕಿಂತ ತುಂಬಾ ಚಿಕ್ಕವು. ಡ್ರೈವ್‌ಗಳೇ ಕಡಿಮೆ. ಹಾಗಾಗಿ ಇಂಥ ಎರಡು ಸ್ಟಾಪ್ ಸಿಕ್ಕರೆ ಮ್ಯಾಚ್ ನಿಮ್ಮದಾಗಬಹುದು.

ಇವತ್ತು ರಾತ್ರಿ ಆನ್‌ಲೈನ್‌ಗೆ ಹೋಗಬೇಡಿ. ಪ್ರಾಕ್ಟೀಸ್ ಮೋಡ್‌ನಲ್ಲಿ ಎದುರಾಳಿಗೆ ಫೋರ್ ವರ್ಟಿಕಲ್ಸ್ (ನಾಲ್ವರು ನೇರ ಓಡುವ ಪ್ಲೇ) ಕೊಟ್ಟು, ನೀವು ಕವರ್ 2 ಹಾಕಿಕೊಂಡು, ಮಿಡಲ್ ಲೈನ್‌ಬ್ಯಾಕರ್‌ನನ್ನು ಹಿಂದಕ್ಕೆ ಇಳಿಸುವುದನ್ನು 20 ಸಲ ಮಾಡಿ. ಎಷ್ಟು ಬೇಗ ಹೊರಟರೆ ಆ ಪಾಸ್‌ಗೆ ಕೈ ಎಟಕುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ನಾಳೆ ಮ್ಯಾಚ್ ಆಡಿ ಬಂದು ಏನಾಯಿತು ಅಂತ ಬರೆಯಿರಿ, ಯಾವ ಪಾಸ್‌ಗೆ ಟಚ್‌ಡೌನ್ ಹೋಯಿತು ಅಂತ ಹೇಳಿದರೆ ಅದಕ್ಕೂ ಏನಾದರೂ ದಾರಿ ಹೇಳುತ್ತೇನೆ.